ಎವಿ ರಿಸೀವರ್ ಜೋಡಣೆ: ಮೊದಲು ಸ್ಪೀಕರ್, ಆಮೇಲೆ ಎಚ್‌ಡಿಎಂಐ, ಕೊನೆಗೆ ಎಆರ್‌ಸಿ

ಟಿವಿ ಮತ್ತು ಪ್ಲೇಯರ್‌ಗಳ ಶಬ್ದವನ್ನು ಕೋಣೆಯ ಸ್ಪೀಕರ್‌ಗಳಿಗೆಲ್ಲ ಹಂಚುವ ಪೆಟ್ಟಿಗೆಯೇ ಎವಿ ರಿಸೀವರ್. ಅದು ತಾನಾಗಿ ಕೆಡುವುದು ಕಡಿಮೆ. ತೊಂದರೆ ಇರುವುದು ಅದರ ಬೆನ್ನಿಗೆ ಚುಚ್ಚಿದ ಹತ್ತು ಹದಿನೈದು ಕೇಬಲ್‌ಗಳಲ್ಲಿ ಯಾವುದೋ ಒಂದರಲ್ಲಿ, ಇಲ್ಲವೇ ಟಿವಿ ಮೆನುವಿನ ಮೂಲೆಯಲ್ಲಿರುವ ಒಂದು ಸೆಟ್ಟಿಂಗ್‌ನಲ್ಲಿ. ಎಲ್ಲವನ್ನೂ ಒಂದೇ ಸಲ ಜೋಡಿಸಿ ಪವರ್ ಒತ್ತಿದರೆ, ಶಬ್ದ ಬರದಿದ್ದಾಗ ತಪ್ಪು ಎಲ್ಲಿದೆ ಎಂದು ಹೇಳಲು ಯಾರಿಂದಲೂ ಆಗದು. ಅದಕ್ಕೇ ಜೋಡಿಸುವ ಕ್ರಮಕ್ಕೆ ನಾನು ಇಷ್ಟು ಬೆಲೆ ಕೊಡುವುದು. ಮೊದಲು ಸ್ಪೀಕರ್‌ಗಳು, ಮತ್ತು ಮೆನು ನೋಡಲು ಟಿವಿಗೆ ಒಂದು ಎಚ್‌ಡಿಎಂಐ (ಚಿತ್ರ, ಶಬ್ದ ಎರಡನ್ನೂ ಒಯ್ಯುವ) ಕೇಬಲ್. ಅಷ್ಟೇ. ರಿಸೀವರ್‌ನ ಟೆಸ್ಟ್ ಟೋನ್ ಎಲ್ಲ ಸ್ಪೀಕರ್‌ಗಳಲ್ಲೂ ಕೇಳಿಸಿದ ಮೇಲೆ ಒಂದು ಪ್ಲೇಯರ್ (ಸೆಟ್‌ಟಾಪ್ ಬಾಕ್ಸ್, ಬ್ಲೂ-ರೇ, ಫೈರ್ ಸ್ಟಿಕ್‌ನಂಥದು). ಅದು ಸರಿಹೋದ ಮೇಲೆ ಉಳಿದವು. ಟಿವಿಯ ಶಬ್ದವನ್ನು ರಿಸೀವರ್‌ಗೆ ತರುವ ಎಆರ್‌ಸಿ ಎಲ್ಲಕ್ಕಿಂತ ಕೊನೆಗೆ, ಯಾಕೆಂದರೆ ಹೆಚ್ಚು ಕಾಟ ಕೊಡುವುದು ಅದೇ. ಹೀಗೆ ಹೋದರೆ ಯಾವ ಹಂತದಲ್ಲಿ ನಿಂತಿತೋ ತಪ್ಪು ಅಲ್ಲೇ ಇರುತ್ತದೆ.

ಸ್ಪೀಕರ್ ವೈರ್

ಇಂಟರ್‌ನೆಟ್ಟಿನಲ್ಲಿ ಎಲ್ಲರೂ ಗೇಜ್ ಲೆಕ್ಕ ಹೇಳುತ್ತಾರೆ. ನಮ್ಮ ಅಂಗಡಿಗಳಲ್ಲಿ, ಬೆಂಗಳೂರಿನ ಎಸ್.ಪಿ. ರೋಡೇ ಇರಲಿ ಊರಿನ ಎಲೆಕ್ಟ್ರಿಕಲ್ ಅಂಗಡಿಯೇ ಇರಲಿ, ವೈರ್ ಹೆಚ್ಚಾಗಿ ಸಿಗುವುದು ಸ್ಕ್ವೇರ್ ಎಂಎಂ ಲೆಕ್ಕದಲ್ಲಿ. 1.5 ಸ್ಕ್ವೇರ್ ಎಂಎಂ ಎಂದರೆ 16 ಗೇಜ್‌ಗಿಂತ ಸ್ವಲ್ಪ ದಪ್ಪ, 2.5 ಎಂದರೆ 14 ಗೇಜ್‌ಗಿಂತ ಸ್ವಲ್ಪ ದಪ್ಪ. 1.5ರ ಶುದ್ಧ ತಾಮ್ರದ ವೈರ್‌ಗೆ ಮೀಟರಿಗೆ ಸುಮಾರು 0.012 ಓಮ್ ರೆಸಿಸ್ಟೆನ್ಸ್ ಇರುತ್ತದೆ. ಸ್ಪೀಕರ್ 10 ಮೀಟರ್ ದೂರದಲ್ಲಿದ್ದರೆ ಹೋಗುವ ವೈರ್, ಬರುವ ವೈರ್ ಸೇರಿ 20 ಮೀಟರ್, ಅಂದರೆ 0.24 ಓಮ್. ವೈರ್‌ನ ರೆಸಿಸ್ಟೆನ್ಸ್ ಸ್ಪೀಕರ್‌ನ ಓಮ್‌ನ ಶೇ. 5ನ್ನು ದಾಟಬಾರದು ಎಂಬುದು ರೂಢಿಯ ಲೆಕ್ಕ. 8 ಓಮ್ ಸ್ಪೀಕರ್‌ಗೆ ಇದು 0.4 ಓಮ್, ಹಾಗಾಗಿ 1.5 ಸಾಕು. 4 ಓಮ್ ಸ್ಪೀಕರ್‌ಗೆ 0.2 ಓಮ್ ಮಾತ್ರ, ಅಷ್ಟು ದೂರಕ್ಕೆ 2.5 ಹಾಕಿ. ಇದಕ್ಕಿಂತ ದುಬಾರಿ ವೈರ್ ಕೊಳ್ಳುವ ಹಣವನ್ನು ಒಳ್ಳೆಯ ಸೆಂಟರ್ ಸ್ಪೀಕರ್‌ಗೆ ಹಾಕಿ, ಕಿವಿಗೆ ಗೊತ್ತಾಗುತ್ತದೆ.

ನೋಡಬೇಕಾದದ್ದು ಲೋಹವನ್ನು. ಅಗ್ಗದ ಪಾರದರ್ಶಕ ವೈರ್‌ಗಳಲ್ಲಿ ಬಹಳಷ್ಟು ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಇರುವಂಥವು. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಬೇಡ. ಅದರ ರೆಸಿಸ್ಟೆನ್ಸ್ ತಾಮ್ರದ ಒಂದೂವರೆ ಪಟ್ಟು ಇರುತ್ತದೆ. ಜೊತೆಗೆ ಟರ್ಮಿನಲ್‌ನಲ್ಲಿ ಎರಡು ಸಲ ಬಿಗಿದು ಬಿಚ್ಚುವಷ್ಟರಲ್ಲಿ ಎಳೆಗಳು ಮುರಿದುಹೋಗುತ್ತವೆ. ಅದರ ಬದಲು ಮನೆ ವೈರಿಂಗ್‌ಗೆ ಬಳಸುವ ಒಳ್ಳೆಯ ಕಂಪನಿಯ ಬಹು ಎಳೆಯ ತಾಮ್ರದ ವೈರನ್ನೇ ಕೆಂಪು-ಕಪ್ಪು ಜೋಡಿ ಮಾಡಿ ಎಳೆದರೂ ಕೆಲಸ ಚೆನ್ನಾಗಿ ಆಗುತ್ತದೆ. ಒಂದೇ ನಿಯಮ: ಕರೆಂಟ್ ವೈರ್ ಇರುವ ಪೈಪ್‌ನಲ್ಲಿ ಸ್ಪೀಕರ್ ವೈರನ್ನಾಗಲೀ ಸಬ್‌ವೂಫರ್ ಕೇಬಲನ್ನಾಗಲೀ ತೂರಿಸಬಾರದು. ಇನ್ಸುಲೇಶನ್ ಎಲ್ಲಾದರೂ ತರಚಿದರೆ 230 ವೋಲ್ಟ್ ನೇರ ಸ್ಪೀಕರ್ ಟರ್ಮಿನಲ್‌ಗೆ ಬರುತ್ತದೆ.

ಇನ್ಸುಲೇಶನ್ 10ರಿಂದ 12 ಎಂಎಂ ಸುಲಿದರೆ ಸಾಕು. ಎಳೆಗಳನ್ನು ಬಿಗಿಯಾಗಿ ಹುರಿ ಮಾಡಿ, ಟರ್ಮಿನಲ್ ತೂತಿಗೆ ಹಾಕಿ ಬಿಗಿದ ಮೇಲೆ ಹೊರಗೆ ಒಂದು ಎಳೆಯೂ ಇಣುಕುತ್ತಿರಬಾರದು. ಕೂದಲಿನಷ್ಟು ತೆಳುವಾದ ಆ ಒಂದು ಎಳೆ ಪಕ್ಕದ ಟರ್ಮಿನಲ್‌ಗೋ ಹಿಂಬದಿಯ ಲೋಹದ ಹಲಗೆಗೋ ತಾಗಿದರೆ ರಿಸೀವರ್ ಪ್ರೊಟೆಕ್ಷನ್‌ಗೆ ಹೋಗಿ ತಾನಾಗಿ ಆಫ್ ಆಗುತ್ತದೆ. ಜೋಡಿಗೆ ನೂರು ಇನ್ನೂರು ರೂಪಾಯಿಯ ಬನಾನಾ ಪ್ಲಗ್ (ವೈರ್ ತುದಿಗೆ ಸಿಕ್ಕಿಸುವ ಲೋಹದ ಮೊನೆ) ಹಾಕಿದರೆ ಈ ತಲೆನೋವೇ ಇರುವುದಿಲ್ಲ. ಟರ್ಮಿನಲ್ ಬಾಯಿಗೆ ಮುಚ್ಚಳ ಇದ್ದರೆ ಅದನ್ನು ಮೊದಲು ಕಿತ್ತುಬಿಡಿ.

ಪ್ಲಸ್ ಪ್ಲಸ್‌ಗೆ, ಮೈನಸ್ ಮೈನಸ್‌ಗೆ. ಗೋಡೆಯೊಳಗೆ ಹೋದ ವೈರ್‌ನ ಯಾವ ತುದಿ ಯಾವುದು ಎಂದು ಅನುಮಾನ ಬಂದರೆ ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ ಸಾಕು. ರಿಸೀವರ್ ಕಡೆಯ ತುದಿಗಳನ್ನು ಬಿಚ್ಚಿ, ಕ್ಷಣಮಾತ್ರ ಸೆಲ್‌ಗೆ ತಾಗಿಸಿ, ಇನ್ನೊಬ್ಬರು ಸ್ಪೀಕರ್‌ನ ಕೋನ್ ನೋಡಲಿ. ಸೆಲ್‌ನ ಪ್ಲಸ್ ಸ್ಪೀಕರ್‌ನ ಪ್ಲಸ್‌ಗೆ ಸೇರಿದ್ದರೆ ವೂಫರ್ ಮುಂದಕ್ಕೆ ಚಿಮ್ಮುತ್ತದೆ, ಅದಲುಬದಲಾಗಿದ್ದರೆ ಒಳಕ್ಕೆ. ಒಂದು ಸ್ಪೀಕರ್ ಮಾತ್ರ ತಿರುಗುಮುರುಗಾಗಿದ್ದರೆ ಶಬ್ದ ಬರುತ್ತದೆ, ಆದರೆ ಹಾಡುಗಾರರ ಧ್ವನಿ ನಡುವೆ ನಿಲ್ಲದೆ ಎಲ್ಲೆಲ್ಲೋ ತೇಲುತ್ತದೆ, ಬೇಸ್ ತೆಳ್ಳಗಾಗುತ್ತದೆ.

ಇನ್ನೊಂದು ತಪ್ಪು ಮತ್ತೆಮತ್ತೆ ಕಾಣಿಸುತ್ತದೆ. 7.2 ರಿಸೀವರ್‌ಗೆ (ಏಳು ಸ್ಪೀಕರ್, ಎರಡು ಸಬ್‌ವೂಫರ್ ಹಾಕಬಹುದಾದದ್ದು) ಐದೇ ಸ್ಪೀಕರ್ ಇದ್ದಾಗ ಹಿಂದಿನ ಎರಡನ್ನು 'ಸರೌಂಡ್ ಬ್ಯಾಕ್' ಟರ್ಮಿನಲ್‌ಗೆ ಹಾಕಿಬಿಡುತ್ತಾರೆ. ಅವು ಹಿಂದೆ ಇವೆ ನಿಜ, ಆದರೆ 5.1ರಲ್ಲಿ ಅವುಗಳ ಜಾಗ 'ಸರೌಂಡ್'. ಸರೌಂಡ್ ಬ್ಯಾಕ್ ಆರನೇ ಮತ್ತು ಏಳನೇ ಸ್ಪೀಕರ್‌ಗೆ ಮಾತ್ರ. ಹಾಗೆಯೇ ಒಂದೇ ಟರ್ಮಿನಲ್‌ಗೆ ಎರಡು 8 ಓಮ್ ಸ್ಪೀಕರ್ ಸೇರಿಸಿದರೆ ರಿಸೀವರ್‌ಗೆ ಕಾಣುವುದು 4 ಓಮ್. ಹಿಂಬದಿಯಲ್ಲಿ 6ರಿಂದ 16 ಓಮ್ ಎಂದು ಬರೆದಿದ್ದರೆ ಆ ಜೋಡಣೆ ಅದಕ್ಕೆ ಭಾರ.

ಸಬ್‌ವೂಫರ್‌ಗೆ ಒಂದೇ ಆರ್‌ಸಿಎ ಕೇಬಲ್ (ನಡುವೆ ಒಂದೇ ಪಿನ್ ಇರುವ ಆಡಿಯೊ ಕೇಬಲ್), ರಿಸೀವರ್‌ನಲ್ಲಿ 'ಸಬ್‌ವೂಫರ್ ಪ್ರೀ-ಔಟ್' ಎಂದಿರುವಲ್ಲಿಂದ ಸಬ್‌ನಲ್ಲಿ 'ಎಲ್‌ಎಫ್‌ಇ' ಎಂದಿರುವ ಇನ್‌ಪುಟ್‌ಗೆ. ಸಬ್‌ನ ಬೆನ್ನಿನಲ್ಲಿರುವ ಕ್ರಾಸ್‌ಓವರ್ (ಯಾವ ಮಟ್ಟಕ್ಕಿಂತ ಕೆಳಗಿನ ಬೇಸ್ ಸಬ್‌ಗೆ ಹೋಗಬೇಕೆಂಬ ಗೆರೆ) ಗುಬುಟನ್ನು ಪೂರ್ತಿ ಮೇಲಕ್ಕೆ ತಿರುಗಿಸಿ, ಆ ಕೆಲಸ ರಿಸೀವರ್ ಮಾಡಲಿ. ವಾಲ್ಯೂಮ್ ಗುಬುಟು ಅರ್ಧಕ್ಕೆ. ಪವರ್ ಸ್ವಿಚ್ 'ಆಟೊ'ದಲ್ಲಿದ್ದರೆ ರಾತ್ರಿ ಮೆಲ್ಲಗೆ ಕೇಳುವಾಗ ಸಿಗ್ನಲ್ ಸಾಲದೆ ಸಬ್ ನಿದ್ದೆಗೆ ಜಾರುತ್ತದೆ. ಅಂಥ ಸಬ್ ಅನ್ನು 'ಆನ್'ನಲ್ಲೇ ಇಡಿ.

ಆನ್ ಆಗಿ ಕ್ಲಿಕ್ ಎಂದು ಆಫ್ ಆದರೆ

ಪ್ರೊಟೆಕ್ಷನ್ ಎಂದು ತೋರಿಸಿ ರಿಸೀವರ್ ಆಫ್ ಆದರೆ ಮತ್ತೆಮತ್ತೆ ಆನ್ ಮಾಡಬೇಡಿ. ಪ್ಲಗ್ ಕಿತ್ತು, ಎಲ್ಲ ಸ್ಪೀಕರ್ ವೈರ್‌ಗಳನ್ನೂ ಟರ್ಮಿನಲ್‌ನಿಂದ ಬಿಚ್ಚಿ, ಆಮೇಲೆ ಬರಿಯ ರಿಸೀವರನ್ನು ಆನ್ ಮಾಡಿ. ಆಫ್ ಆಗದೆ ಆನ್ ಆಗಿಯೇ ಉಳಿದರೆ ರಿಸೀವರ್ ಕ್ಷೇಮ, ತಪ್ಪು ವೈರ್‌ನಲ್ಲೋ ಸ್ಪೀಕರ್‌ನಲ್ಲೋ ಇದೆ. ಬಿಚ್ಚಿದ ವೈರ್ ತುದಿಗಳಲ್ಲಿ ಮಲ್ಟಿಮೀಟರ್‌ನಿಂದ ಓಮ್ ಅಳೆಯಿರಿ. 8 ಓಮ್ ಸ್ಪೀಕರ್ ಮೀಟರ್‌ನಲ್ಲಿ ಸುಮಾರು 5.5ರಿಂದ 7 ತೋರಿಸುತ್ತದೆ, 4 ಓಮ್‌ನದು 3ರಿಂದ 3.5. ಸೊನ್ನೆಯ ಹತ್ತಿರ ಬಂದರೆ ಎಲ್ಲೋ ಶಾರ್ಟ್. ಗೋಡೆಗೆ ಮೊಳೆ ಹೊಡೆದಾಗ, ಕೇಸಿಂಗ್ ಪಟ್ಟಿಯ ಸ್ಕ್ರೂ ಬಿಗಿದಾಗ ಆಗುವುದು ಇದೇ. ಮೀಟರ್ ಏನೂ ತೋರಿಸದಿದ್ದರೆ ವೈರ್ ತುಂಡಾಗಿದೆ ಇಲ್ಲವೇ ಸ್ಪೀಕರ್‌ನ ಕಾಯಿಲ್ ಸುಟ್ಟಿದೆ. ಎಲ್ಲ ಸರಿಯಿದ್ದರೆ ಒಂದೊಂದೇ ಸ್ಪೀಕರ್ ಸೇರಿಸುತ್ತಾ ಬನ್ನಿ, ಪ್ರತಿ ಸಲವೂ ಪ್ಲಗ್ ಕಿತ್ತು.

ಸ್ಪೀಕರ್ ಒಂದೂ ಇಲ್ಲದೆಯೂ ಪ್ರೊಟೆಕ್ಷನ್‌ಗೆ ಹೋದರೆ ಒಳಗಿನ ಆಂಪ್ಲಿಫೈಯರ್ ಕೆಟ್ಟಿದೆ, ಹೆಚ್ಚಾಗಿ ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್. ಅದು ಸರ್ವೀಸ್‌ನವರ ಕೆಲಸ. ಡೆನನ್ ರಿಸೀವರ್ ಇದ್ದವರಿಗೆ ಪವರ್ ದೀಪವೇ ಸುಳಿವು ಕೊಡುತ್ತದೆ: ಸುಮಾರು 2 ಸೆಕೆಂಡಿಗೊಮ್ಮೆ ಕೆಂಪಗೆ ಮಿನುಗಿದರೆ ಬಿಸಿ ಏರಿದೆ, ಅರ್ಧ ಸೆಕೆಂಡಿಗೊಮ್ಮೆ ಬೇಗಬೇಗ ಮಿನುಗಿದರೆ ಶಾರ್ಟ್ ಅಥವಾ ಆಂಪ್ಲಿಫೈಯರ್ ದೋಷ. ಬಿಸಿಯದೇ ಕಾರಣವಾದರೆ ಟಿವಿ ಯೂನಿಟ್ ನೋಡಿ. ಗಾಜಿನ ಬಾಗಿಲಿನ ಶೋಕೇಸ್‌ನೊಳಗೆ, ಮೇಲೆ ಸೆಟ್‌ಟಾಪ್ ಬಾಕ್ಸ್ ಕೂರಿಸಿ ಇಟ್ಟ ರಿಸೀವರ್ ಏಪ್ರಿಲ್ ತಿಂಗಳ ಸೆಖೆಯಲ್ಲಿ ಒಂದು ಸಿನಿಮಾ ಮುಗಿಯುವವರೆಗೆ ತಡೆಯುವುದಿಲ್ಲ. ಮೇಲೆ ಕನಿಷ್ಠ ಒಂದು ಗೇಣು ಖಾಲಿ ಬಿಡಿ, ಯೂನಿಟ್‌ನ ಹಿಂಬದಿ ಹಲಗೆ ತೆರೆದಿರಲಿ.

ಪ್ರೊಟೆಕ್ಷನ್ ಇಲ್ಲ, ಆದರೆ ಒಂದು ಸ್ಪೀಕರ್ ಮಾತ್ರ ಮೂಕ ಎಂದಾದರೆ ಎಡದ ವೈರನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ರಿಸೀವರ್ ಬಳಿಯಲ್ಲೇ ಬದಲಿಸಿ. ಮೊದಲು ಮೂಕವಾಗಿದ್ದ ಸ್ಪೀಕರ್ ಈಗ ಮಾತಾಡಿ ಇನ್ನೊಂದು ಮೂಕವಾದರೆ ರಿಸೀವರ್‌ನ ಆ ಚಾನಲ್ ಸತ್ತಿದೆ. ಅದೇ ಸ್ಪೀಕರ್ ಮೂಕವಾಗಿಯೇ ಉಳಿದರೆ ವೈರ್ ಅಥವಾ ಸ್ಪೀಕರ್. ಎರಡೇ ನಿಮಿಷದ ಕೆಲಸ, ಆದರೂ ಇದನ್ನು ಮಾಡದೆ ರಿಸೀವರ್ ಹೊತ್ತುಕೊಂಡು ಸರ್ವೀಸ್ ಸೆಂಟರ್‌ಗೆ ಹೋಗುವವರು ಬಹಳ.

ಎಚ್‌ಡಿಎಂಐ

ಪ್ಲೇಯರ್‌ಗಳೆಲ್ಲ ರಿಸೀವರ್‌ಗೆ, ರಿಸೀವರ್‌ನಿಂದ ಟಿವಿಗೆ ಒಂದೇ ಕೇಬಲ್. ಪ್ಲೇಯರ್ ಅನ್ನು ಟಿವಿಗೆ ಹಾಕಿ ಶಬ್ದವನ್ನು ಎಆರ್‌ಸಿಯಲ್ಲಿ ವಾಪಸ್ ತರುವ ದಾರಿಯೂ ಇದೆ, ಆದರೆ ನಡುವೆ ಟಿವಿ ಬಂದಷ್ಟೂ ತೊಡಕು. ರಿಸೀವರ್‌ನಲ್ಲಿ ಖಾಲಿ ಇನ್‌ಪುಟ್ ಇರುವವರೆಗೆ ಅಲ್ಲಿಗೇ ಹಾಕಿ.

ಕೇಬಲ್ ಡಬ್ಬದ ಮೇಲೆ '2.0', '2.1' ಎಂದು ಬರೆದಿರುವುದನ್ನು ನಂಬಬೇಡಿ. ನೋಡಬೇಕಾದದ್ದು ಪ್ರಮಾಣಪತ್ರದ ಲೇಬಲ್: 'ಪ್ರೀಮಿಯಂ ಹೈ ಸ್ಪೀಡ್' ಎಂದರೆ ಸೆಕೆಂಡಿಗೆ 18 ಗಿಗಾಬಿಟ್, 4ಕೆ 60 (ಸೆಕೆಂಡಿಗೆ 60 ಚಿತ್ರ) ಎಚ್‌ಡಿಆರ್‌ಗೆ (ಬೆಳಕು-ಕತ್ತಲೆಯ ಅಂತರ ಹೆಚ್ಚು ತೋರಿಸುವ ಚಿತ್ರಕ್ಕೆ) ಸಾಕು. 'ಅಲ್ಟ್ರಾ ಹೈ ಸ್ಪೀಡ್' ಎಂದರೆ 48 ಗಿಗಾಬಿಟ್, ಗೇಮ್ ಕನ್ಸೋಲ್‌ನಲ್ಲಿ 4ಕೆ 120 ಬೇಕಾದವರಿಗೆ. ತಾಮ್ರದ ಕೇಬಲ್ 3 ಮೀಟರ್‌ವರೆಗೆ ನಿಶ್ಚಿಂತೆ, 5 ದಾಟಿದ ಮೇಲೆ 4ಕೆಯಲ್ಲಿ ಅದೃಷ್ಟದ ಮಾತು. ಪ್ರೊಜೆಕ್ಟರ್‌ಗೆ 10 ಮೀಟರ್ ಎಳೆಯಬೇಕಾದರೆ ಫೈಬರ್ ಎಚ್‌ಡಿಎಂಐ ತೆಗೆದುಕೊಳ್ಳಿ. ಅದಕ್ಕೆ ದಿಕ್ಕು ಇದೆ: 'ಸೋರ್ಸ್' ಎಂದಿರುವ ತುದಿ ರಿಸೀವರ್‌ಗೆ, 'ಡಿಸ್‌ಪ್ಲೇ' ಎಂದಿರುವುದು ಪ್ರೊಜೆಕ್ಟರ್‌ಗೆ. ತಿರುಗಿಸಿ ಹಾಕಿದರೆ ಚಿತ್ರ ಬರುವುದಿಲ್ಲ, ಅಷ್ಟರಲ್ಲಿ ಫಾಲ್ಸ್ ಸೀಲಿಂಗ್ ಮುಚ್ಚಿರುತ್ತದೆ. ಹೊಸ ಮನೆ ಕಟ್ಟಿಸುತ್ತಿರುವವರು ಟಿವಿಯ ಹಿಂದಿನಿಂದ ಕೆಳಗಿನ ಯೂನಿಟ್‌ವರೆಗೆ 40 ಎಂಎಂ ಪೈಪ್ ಹಾಕಿಸಿ. ಮಾಮೂಲಿ 25 ಎಂಎಂ ಪೈಪ್‌ನ ತಿರುವಿನಲ್ಲಿ ಎಚ್‌ಡಿಎಂಐ ತಲೆ ಸಿಕ್ಕಿಕೊಳ್ಳುತ್ತದೆ.

4ಕೆ ಚಿತ್ರ ಬರುತ್ತದೆ, ಆದರೆ ಎಚ್‌ಡಿಆರ್ ಇಲ್ಲ ಎಂದರೆ ಎರಡು ಕಡೆ ಸೆಟ್ಟಿಂಗ್ ಬಾಕಿ ಇದೆ. ಟಿವಿಯಲ್ಲಿ ಆ ನಿರ್ದಿಷ್ಟ ಪೋರ್ಟ್‌ಗೆ: ಸ್ಯಾಮ್‌ಸಂಗ್‌ನಲ್ಲಿ 'ಇನ್‌ಪುಟ್ ಸಿಗ್ನಲ್ ಪ್ಲಸ್', ಎಲ್‌ಜಿಯಲ್ಲಿ 'ಅಲ್ಟ್ರಾ ಎಚ್‌ಡಿ ಡೀಪ್ ಕಲರ್', ಸೋನಿಯಲ್ಲಿ 'ಎನ್‌ಹಾನ್ಸ್‌ಡ್ ಫಾರ್ಮ್ಯಾಟ್'. ರಿಸೀವರ್‌ನಲ್ಲಿ: ಡೆನನ್, ಮರಾಂಟ್ಜ್‌ನಲ್ಲಿ 4ಕೆ ಸಿಗ್ನಲ್ ಫಾರ್ಮ್ಯಾಟ್ 'ಎನ್‌ಹಾನ್ಸ್‌ಡ್', ಯಾಮಹಾದಲ್ಲಿ '4ಕೆ ಮೋಡ್ 1'. ಒಂದು ಕಡೆ ಮಾತ್ರ ಮಾಡಿದರೆ ಪ್ರಯೋಜನವಿಲ್ಲ.

ತೊಂದರೆಯ ಲಕ್ಷಣಗಳನ್ನು ಓದಲು ಕಲಿಯಬೇಕು. ಚಿತ್ರದ ಮೇಲೆ ಬಿಳಿ ಚುಕ್ಕಿಗಳು ಮಿನುಗಿದರೆ ಅಥವಾ ಆಗಾಗ ಎರಡು ಮೂರು ಸೆಕೆಂಡ್ ಪರದೆ ಕಪ್ಪಾಗಿ ಮರಳಿ ಬಂದರೆ ಕೇಬಲ್ ಅಷ್ಟು ವೇಗ ತಾಳುತ್ತಿಲ್ಲ. ಪ್ಲೇಯರನ್ನು 1080ಪಿಗೆ ಇಳಿಸಿ ನೋಡಿ. ಅಲ್ಲಿ ಸ್ಥಿರವಾಗಿದ್ದರೆ ಅನುಮಾನವೇ ಬೇಡ, ಕೇಬಲ್ ಬದಲಿಸಿ. ಮೆನು ಚೆನ್ನಾಗಿ ಬಂದು, ಸಿನಿಮಾ ಹಾಕಿದ ಕೂಡಲೇ ಪರದೆ ಖಾಲಿಯಾದರೆ ಅಥವಾ ಎಚ್‌ಡಿಸಿಪಿ ಎಂಬ ಸಂದೇಶ ಬಂದರೆ ಅದು ಕಳ್ಳನಕಲು ತಡೆಯುವ ಬೀಗದ ಸಮಸ್ಯೆ. 4ಕೆ ಸಿನಿಮಾಗೆ ಎಚ್‌ಡಿಸಿಪಿ 2.2 ಬೇಕು, ಪ್ಲೇಯರ್, ರಿಸೀವರ್, ಟಿವಿ ಮೂರರಲ್ಲೂ. ಟಿವಿಯ ಎಲ್ಲ ಪೋರ್ಟ್‌ಗಳಲ್ಲೂ ಇದು ಇರಲೇಬೇಕೆಂದಿಲ್ಲ, ಹಳೆಯ ಟಿವಿಗಳಲ್ಲಿ ಒಂದೋ ಎರಡೋ ಪೋರ್ಟ್‌ಗೆ ಮಾತ್ರ ಇರುತ್ತದೆ.

ನಿನ್ನೆಯವರೆಗೆ ಸರಿಯಿದ್ದು ಇವತ್ತು ಚಿತ್ರವೋ ಶಬ್ದವೋ ನಿಂತರೆ, ಎಲ್ಲ ಉಪಕರಣಗಳ ಪ್ಲಗ್ಗನ್ನೂ ಗೋಡೆಯಿಂದಲೇ ಕಿತ್ತು ಐದು ನಿಮಿಷ ಬಿಡಿ. ರಿಮೋಟ್‌ನಲ್ಲಿ ಆಫ್ ಮಾಡಿದರೆ ಸಾಲದು, ಸ್ಟ್ಯಾಂಡ್‌ಬೈನಲ್ಲೂ ಒಳಗಿನ ಎಚ್‌ಡಿಎಂಐ ಚಿಪ್‌ಗೆ ಕರೆಂಟ್ ಇದ್ದೇ ಇರುತ್ತದೆ. ಆಮೇಲೆ ಮೊದಲು ಟಿವಿ, ನಂತರ ರಿಸೀವರ್, ಕೊನೆಗೆ ಪ್ಲೇಯರ್ ಆನ್ ಮಾಡಿ. ಪ್ಲೇಯರ್ ಏಳುವಾಗ ಮುಂದಿರುವವರನ್ನು ನಿಮಗೆ ಏನೇನು ತಾಳುತ್ತದೆ ಎಂದು ಕೇಳುತ್ತದೆ. ಉತ್ತರ ಕೊಡುವವರು ಮೊದಲೇ ಎದ್ದಿರಬೇಕು.

ಟಿವಿಯಲ್ಲಿ ಶಬ್ದ ಬರುತ್ತಿದೆ, ರಿಸೀವರ್‌ನಲ್ಲಿ ಇಲ್ಲ ಎಂದರೆ ರಿಸೀವರ್ ಮೆನುವಿನ 'ಎಚ್‌ಡಿಎಂಐ ಆಡಿಯೊ ಔಟ್' ನೋಡಿ. ಅದು 'ಎವಿಆರ್' ಅಥವಾ 'ಆಂಪ್' ಎಂದಿರಬೇಕು, 'ಟಿವಿ' ಎಂದಲ್ಲ. ಮನೆಯಲ್ಲಿ ಹಿರಿಯರು ರಿಸೀವರ್ ಆನ್ ಮಾಡದೆಯೇ ಧಾರಾವಾಹಿ ನೋಡಬೇಕಾದರೆ 'ಸ್ಟ್ಯಾಂಡ್‌ಬೈ ಪಾಸ್‌ಥ್ರೂ' ಆನ್ ಮಾಡಿಡಿ. ಆಗ ರಿಸೀವರ್ ಆಫ್ ಇದ್ದರೂ ಸೆಟ್‌ಟಾಪ್ ಬಾಕ್ಸ್‌ನ ಚಿತ್ರ, ಶಬ್ದ ಎರಡೂ ಟಿವಿಗೆ ಹೋಗುತ್ತವೆ. ಫೈರ್ ಸ್ಟಿಕ್‌ಗೆ ಅದರದ್ದೇ ಅಡಾಪ್ಟರ್ ಹಾಕಿ. ರಿಸೀವರ್‌ನ ಯುಎಸ್‌ಬಿಯಿಂದ ಪವರ್ ಕೊಟ್ಟರೆ ಕರೆಂಟ್ ಸಾಲದೆ ಅದು ನಡುನಡುವೆ ರೀಸ್ಟಾರ್ಟ್ ಆಗುತ್ತದೆ.

ಎರಡೇ ಸ್ಪೀಕರ್‌ನಲ್ಲಿ ಶಬ್ದ ಬರುತ್ತಿದೆ ಎಂಬ ದೂರು ಬಹಳ ಸಾಮಾನ್ಯ. ಬಹುಪಾಲು ಟಿವಿ ಚಾನಲ್‌ಗಳು ಬರುವುದೇ ಸ್ಟೀರಿಯೊದಲ್ಲಿ. ರಿಸೀವರ್ ಅದನ್ನು ಇದ್ದ ಹಾಗೆ ನುಡಿಸಿದರೆ ತಪ್ಪಲ್ಲ. ಎಲ್ಲ ಸ್ಪೀಕರ್ ಬೇಕೆಂದರೆ ಸೌಂಡ್ ಮೋಡ್‌ನಲ್ಲಿ 'ಡಾಲ್ಬಿ ಸರೌಂಡ್' ಆರಿಸಿ. 'ಡೈರೆಕ್ಟ್' ಮೋಡ್‌ನಲ್ಲಿದ್ದರೆ ಸೆಂಟರ್, ಸರೌಂಡ್ ಮಾತಾಡುವುದಿಲ್ಲ, ಎಷ್ಟೋ ಮಾಡೆಲ್‌ಗಳಲ್ಲಿ ಸಬ್ ಕೂಡ. ಡಾಲ್ಬಿ ಇರುವ ಚಾನಲ್‌ನಲ್ಲೂ ಎರಡೇ ಬಂದರೆ ಸೆಟ್‌ಟಾಪ್ ಬಾಕ್ಸ್‌ನ ಆಡಿಯೊ ಸೆಟ್ಟಿಂಗ್ ಸ್ಟೀರಿಯೊದಲ್ಲಿ ಉಳಿದಿದೆ, ಅದನ್ನು ಡಾಲ್ಬಿ ಡಿಜಿಟಲ್‌ಗೆ ಬದಲಿಸಿ.

ಎಆರ್‌ಸಿ

ಎಆರ್‌ಸಿ ಬಂದದ್ದು 2009ರ ಎಚ್‌ಡಿಎಂಐ 1.4ರಲ್ಲಿ, ಇಎಆರ್‌ಸಿ 2017ರ 2.1ರಲ್ಲಿ. ಎರಡಕ್ಕೂ ಹೆಸರಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸ, ಸಾಮರ್ಥ್ಯದಲ್ಲಿ ಬಹಳ. ಎಆರ್‌ಸಿಯಲ್ಲಿ ಹೋಗುವುದು ಸ್ಟೀರಿಯೊ ಪಿಸಿಎಂ (ಕುಗ್ಗಿಸದ ಡಿಜಿಟಲ್ ಶಬ್ದ), ಕುಗ್ಗಿಸಿದ ಸರೌಂಡ್ ಫಾರ್ಮ್ಯಾಟ್‌ಗಳಾದ ಡಾಲ್ಬಿ ಡಿಜಿಟಲ್, ಡಿಟಿಎಸ್, ಮತ್ತು ಟಿವಿ ಒಪ್ಪಿದರೆ ಡಾಲ್ಬಿ ಡಿಜಿಟಲ್ ಪ್ಲಸ್. ಓಟಿಟಿಯ ಆಟ್ಮಾಸ್ (ತಲೆಯ ಮೇಲಿಂದಲೂ ಶಬ್ದ ಕೇಳಿಸುವ ಡಾಲ್ಬಿ ಫಾರ್ಮ್ಯಾಟ್) ಬರುವುದು ಈ ಡಾಲ್ಬಿ ಡಿಜಿಟಲ್ ಪ್ಲಸ್‌ನೊಳಗೇ, ಆದ್ದರಿಂದ ಅದಕ್ಕೆ ಹಳೆಯ ಎಆರ್‌ಸಿಯೂ ಸಾಕಾಗುತ್ತದೆ. ಬ್ಲೂ-ರೇಯ ಡಾಲ್ಬಿ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಮತ್ತು ಬಹು ಚಾನಲ್ ಪಿಸಿಎಂಗೆ 37 ಮೆಗಾಬಿಟ್‌ವರೆಗೆ ಸಾಗಿಸುವ ಇಎಆರ್‌ಸಿ ಬೇಕು. ಆಪ್ಟಿಕಲ್ ಕೇಬಲ್‌ನಲ್ಲಿ ಡಾಲ್ಬಿ ಡಿಜಿಟಲ್ ಪ್ಲಸ್ ಕೂಡ ಹೋಗುವುದಿಲ್ಲ, ಅಲ್ಲಿ ಆಟ್ಮಾಸ್ ಆಸೆ ಬೇಡ.

ಹೊಂದಿಸುವ ಕ್ರಮ ಇದು. ರಿಸೀವರ್‌ನ ಎಚ್‌ಡಿಎಂಐ ಔಟ್‌ಗಳಲ್ಲಿ ಎಆರ್‌ಸಿ ಎಂದು ಬರೆದಿರುವುದನ್ನು ಟಿವಿಯಲ್ಲಿ ಎಆರ್‌ಸಿ ಎಂದು ಬರೆದಿರುವ ಪೋರ್ಟ್‌ಗೇ ಹಾಕಿ. ಎರಡೂ ಕಡೆ ಸಿಇಸಿ (ಎಚ್‌ಡಿಎಂಐ ಮೂಲಕ ಉಪಕರಣಗಳು ಒಂದನ್ನೊಂದು ನಿಯಂತ್ರಿಸುವ ಸೌಲಭ್ಯ) ಆನ್ ಮಾಡಿ. ಇದನ್ನು ಸ್ಯಾಮ್‌ಸಂಗ್ ಎನಿನೆಟ್ ಪ್ಲಸ್ ಎನ್ನುತ್ತದೆ, ಎಲ್‌ಜಿ ಸಿಂಪ್‌ಲಿಂಕ್, ಸೋನಿ ಬ್ರಾವಿಯಾ ಸಿಂಕ್. ರಿಸೀವರ್‌ನಲ್ಲಿ ಎಆರ್‌ಸಿ ಆನ್. ಟಿವಿಯ ಶಬ್ದದ ಔಟ್‌ಪುಟ್ ಅನ್ನು ಎಚ್‌ಡಿಎಂಐ ಎಆರ್‌ಸಿಗೆ ಬದಲಿಸಿ. ಕೊನೆಯದಾಗಿ, ಬಹುತೇಕರು ಮರೆಯುವುದು: ಡಿಜಿಟಲ್ ಆಡಿಯೊ ಫಾರ್ಮ್ಯಾಟ್ 'ಪಾಸ್‌ಥ್ರೂ' ಅಥವಾ 'ಆಟೊ' ಇರಲಿ. ಪಿಸಿಎಂ ಎಂದಿದ್ದರೆ ಎಆರ್‌ಸಿಯಲ್ಲಿ ಸ್ಟೀರಿಯೊ ಮಾತ್ರ ಬರುತ್ತದೆ.

ಚಿತ್ರ ಸರಿಯಾಗಿ ಬರುತ್ತಿದೆ, ಎಆರ್‌ಸಿ ಮಾತ್ರ ಇಲ್ಲ ಎಂದಾಗ ಕೇಬಲ್ ಚೆನ್ನಾಗಿಯೇ ಇದೆಯಲ್ಲ ಎನ್ನಬೇಡಿ. ಚಿತ್ರ ಹೋಗುವ ತಂತಿಗಳೇ ಬೇರೆ; ಎಆರ್‌ಸಿ ಬರುವುದು 14 ಮತ್ತು 19ನೇ ಪಿನ್‌ಗಳಲ್ಲಿ, ಸಿಇಸಿ 13ನೇ ಪಿನ್‌ನಲ್ಲಿ. ಹಳೆಯ ಅಗ್ಗದ ಕೇಬಲ್‌ಗಳಲ್ಲಿ 14ನೇ ಪಿನ್‌ಗೆ ತಂತಿಯೇ ಇರುವುದಿಲ್ಲ. ನಡುವೆ ಸ್ವಿಚ್ ಬಾಕ್ಸ್, ಸ್ಪ್ಲಿಟರ್, ಗೋಡೆಯ ಎಚ್‌ಡಿಎಂಐ ಪ್ಲೇಟ್ ಇದ್ದರೆ ಅದನ್ನು ಬಿಟ್ಟು ನೇರ ಕೇಬಲ್ ಹಾಕಿ ಪರೀಕ್ಷಿಸಿ.

ಪೆನ್‌ಡ್ರೈವ್‌ನಲ್ಲಿರುವ ಸಿನಿಮಾಕ್ಕೆ ಟಿವಿಯಿಂದ ಚಿತ್ರ ಮಾತ್ರ ಬಂದು ಶಬ್ದವೇ ಇಲ್ಲವೆಂದರೆ ಅದರ ಆಡಿಯೊ ಡಿಟಿಎಸ್ ಇರಬಹುದು. ಸ್ಯಾಮ್‌ಸಂಗ್ 2018ರಿಂದ ತನ್ನ ಟಿವಿಗಳಲ್ಲಿ ಡಿಟಿಎಸ್ ಕೈಬಿಟ್ಟಿತು. ರಿಸೀವರ್‌ಗೆ ಡಿಟಿಎಸ್ ನುಡಿಸಲು ಬರುತ್ತದೆ, ಆದರೆ ದಾರಿಯಲ್ಲಿ ಟಿವಿ ತಡೆಯುತ್ತದೆ. ಅಂಥ ಫೈಲ್‌ಗಳನ್ನು ರಿಸೀವರ್‌ಗೆ ನೇರ ಜೋಡಿಸಿದ ಪ್ಲೇಯರ್‌ನಲ್ಲಿ ಹಾಕಿ. ತುಟಿ ಮೊದಲು, ಮಾತು ಆಮೇಲೆ ಬಂದರೆ ರಿಸೀವರ್‌ನ ಆಡಿಯೊ ಡಿಲೇ ಸೊನ್ನೆ ಮಾಡಿ. ಮಾತು ಮೊದಲು ಬಂದರೆ ಡಿಲೇ 20 ಮಿಲಿಸೆಕೆಂಡ್‌ನಂತೆ ಏರಿಸುತ್ತಾ ಹೋಗಿ.

ಗುಂಯ್ ಶಬ್ದ, ಅರ್ಥಿಂಗ್, ಸಿಡಿಲು

ನಮ್ಮ ಮನೆಗಳಲ್ಲಿ ರಿಸೀವರ್ ಸಾಯುವುದು ಹೆಚ್ಚಾಗಿ ಇಲ್ಲಿ, ಹಾಗಾಗಿ ಸ್ವಲ್ಪ ನಿಂತು ಹೇಳಬೇಕು.

ಸಬ್‌ವೂಫರ್‌ನಿಂದ ಸದಾ ಗುಂಯ್ ಎಂದು ಬರುತ್ತಿದ್ದರೆ ಮೊದಲು ಸಬ್ ಕಡೆಯ ಆರ್‌ಸಿಎ ಕಿತ್ತು ನೋಡಿ. ಆಗಲೂ ಬಂದರೆ ಸಬ್‌ನ ಆಂಪ್ಲಿಫೈಯರ್‌ನದ್ದೇ ದೋಷ. ನಿಂತರೆ ಕೇಬಲ್ ಮರಳಿ ಹಾಕಿ, ಈ ಸಲ ಸೆಟ್‌ಟಾಪ್ ಬಾಕ್ಸ್‌ಗೆ ಬರುವ ಡಿಶ್ ಅಥವಾ ಕೇಬಲ್ ಟಿವಿಯ ತಂತಿ ಕೀಳಿ. ಬಹುಪಾಲು ಸಲ ಗುಂಯ್ ಅಲ್ಲೇ ನಿಲ್ಲುತ್ತದೆ. ಆ ತಂತಿ ಹೊರಗೆಲ್ಲೋ ಒಂದು ಅರ್ಥ್‌ಗೆ ಸೇರಿರುತ್ತದೆ, ನಿಮ್ಮ ಮೂರು ಪಿನ್ನಿನ ಸಬ್ ಅಥವಾ ಕಂಪ್ಯೂಟರ್ ಮನೆಯ ಅರ್ಥ್‌ಗೆ. ಎರಡರ ನಡುವಿನ ಅಲ್ಪ ವೋಲ್ಟೇಜ್ ವ್ಯತ್ಯಾಸ 50 ಹರ್ಟ್ಜ್ ಶಬ್ದವಾಗಿ ಕೇಳುತ್ತದೆ. ಕೇಬಲ್ ಟಿವಿಯಾದರೆ ತಂತಿಯ ನಡುವೆ ಐಸೊಲೇಟರ್ ಹಾಕಿ. ಡಿಶ್‌ನ ತಂತಿಯಲ್ಲಿ ಎಲ್‌ಎನ್‌ಬಿಗೆ (ಡಿಶ್‌ನ ಮುಂದೆ ಸಿಗ್ನಲ್ ಹಿಡಿಯುವ ತಲೆಗೆ) ಪವರ್ ಹೋಗುವುದರಿಂದ ಅಲ್ಲಿ ಅದು ನಡೆಯದು, ಎಲ್ಲ ಉಪಕರಣಗಳನ್ನು ಒಂದೇ ಪ್ಲಗ್ ಪಾಯಿಂಟ್‌ನ ಎಕ್ಸ್‌ಟೆನ್ಶನ್‌ಗೆ ತನ್ನಿ. ಅರ್ಥ್ ಪಿನ್ ಮುರಿದು ಗುಂಯ್ ನಿಲ್ಲಿಸುವ ಉಪಾಯವನ್ನು ಯಾರಾದರೂ ಹೇಳಿದರೆ ಖಂಡಿತ ಕೇಳಬೇಡಿ. ಅದು ಪ್ರಾಣದ ಪ್ರಶ್ನೆ.

ರಿಸೀವರ್‌ನ ಲೋಹ ಮುಟ್ಟಿದರೆ ಜುಮ್ ಎನ್ನುವುದೂ ಇದೇ ಬಗೆಯದು. ಟಿವಿ, ಸೆಟ್‌ಟಾಪ್ ಬಾಕ್ಸ್, ರಿಸೀವರ್ ಬಹಳಷ್ಟು ಎರಡು ಪಿನ್ನಿನವು. ಅವುಗಳ ಪವರ್ ಸಪ್ಲೈಯ ಕೆಪಾಸಿಟರ್‌ನಿಂದ ಸೋರುವ ಸಣ್ಣ ಕರೆಂಟ್ ಎಚ್‌ಡಿಎಂಐನ ಲೋಹದ ಹೊದಿಕೆಯಲ್ಲಿ ನಿಂತಿರುತ್ತದೆ, ಮೀಟರ್‌ನಲ್ಲಿ ನೂರು ವೋಲ್ಟ್‌ನ ಆಸುಪಾಸು ಕಾಣುತ್ತದೆ. ಕರೆಂಟ್ ಅತ್ಯಲ್ಪವಾದ್ದರಿಂದ ಮನುಷ್ಯನಿಗೆ ಜುಮ್ ಅಷ್ಟೇ. ಆದರೆ ಆನ್ ಇರುವ ಎರಡು ಉಪಕರಣಗಳ ನಡುವೆ ಎಚ್‌ಡಿಎಂಐ ಚುಚ್ಚುವ ಕ್ಷಣದಲ್ಲಿ ಆ ವೋಲ್ಟೇಜ್ ಸಿಗ್ನಲ್ ಪಿನ್‌ಗೆ ಹಾರಿದರೆ ಪೋರ್ಟ್ ಸುಡುತ್ತದೆ. ಎಚ್‌ಡಿಎಂಐ ಹಾಕುವಾಗ, ತೆಗೆಯುವಾಗ ಎರಡೂ ಕಡೆಯ ಪ್ಲಗ್ ಗೋಡೆಯಿಂದ ಕಿತ್ತಿರಲಿ. ನಾನು ಇಲ್ಲಿ ಬರೆದಿರುವುದರಲ್ಲಿ ಒಂದನ್ನು ಮಾತ್ರ ನೆನಪಿಡುವುದಾದರೆ ಇದನ್ನು ಇಡಿ. ಮನೆಯ ಅರ್ಥಿಂಗ್ ನೋಡಲು ಪ್ಲಗ್ ಪಾಯಿಂಟ್‌ನಲ್ಲಿ ಎಲೆಕ್ಟ್ರಿಷಿಯನ್‌ನಿಂದ ಅಳೆಯಿಸಿ: ಫೇಸ್‌ನಿಂದ ನ್ಯೂಟ್ರಲ್‌ಗೆ ಎಷ್ಟಿದೆಯೋ ಫೇಸ್‌ನಿಂದ ಅರ್ಥ್‌ಗೂ ಹೆಚ್ಚುಕಡಿಮೆ ಅಷ್ಟೇ ಇರಬೇಕು, ನ್ಯೂಟ್ರಲ್‌ನಿಂದ ಅರ್ಥ್‌ಗೆ ಎರಡು ಮೂರು ವೋಲ್ಟ್ ದಾಟಬಾರದು.

ಮುಂಗಾರಿಗೆ ಮೊದಲಿನ ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಪ್ಲಗ್ ಕಿತ್ತರೆ ಸಾಲದು. ಮಹಡಿ ಮೇಲಿನ ಡಿಶ್‌ನಿಂದ ತಂತಿ ಸೆಟ್‌ಟಾಪ್ ಬಾಕ್ಸ್‌ಗೆ, ಅಲ್ಲಿಂದ ಎಚ್‌ಡಿಎಂಐ ಮೂಲಕ ರಿಸೀವರ್‌ಗೆ ಸಿಡಿಲಿನ ಆಘಾತಕ್ಕೆ ನೇರ ದಾರಿ. ಡಿಶ್‌ನ ತಂತಿಯನ್ನೂ ಇಂಟರ್‌ನೆಟ್‌ನ ತಾಮ್ರದ ಕೇಬಲನ್ನೂ ಬಿಚ್ಚಿ ದೂರ ಇಡಿ, ಅದೂ ಮೋಡ ಕಟ್ಟುವಾಗಲೇ. ಗುಡುಗು ಶುರುವಾದ ಮೇಲೆ ತಂತಿ ಮುಟ್ಟಬೇಡಿ. ಇನ್ವರ್ಟರ್ ಇರುವವರು ಅದು ಸೈನ್ ವೇವ್ ಹೌದೋ ಎಂದು ನೋಡಿ. ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲಿ ರಿಸೀವರ್‌ನ ಟ್ರಾನ್ಸ್‌ಫಾರ್ಮರ್ ಗೊರ್ ಎಂದು ನಡುಗುತ್ತದೆ, ಬಿಸಿಯಾಗುತ್ತದೆ.

ಅಮೆರಿಕದಿಂದ ಊರಿಗೆ ಮರಳುವವರು ತರುವ ರಿಸೀವರ್ ಬಗ್ಗೆ ಒಂದು ಮಾತು. ಹಿಂಬದಿಯಲ್ಲಿ '120 ವೋಲ್ಟ್, 60 ಹರ್ಟ್ಜ್' ಎಂದಷ್ಟೇ ಇದ್ದರೆ ನಮ್ಮ 230ಕ್ಕೆ ನೇರ ಹಾಕಿದ ಕ್ಷಣದಲ್ಲೇ ಅದು ಹೋಗುತ್ತದೆ. ಲ್ಯಾಪ್‌ಟಾಪ್ ಚಾರ್ಜರ್‌ನಂತೆ ಇದು ಎರಡೂ ವೋಲ್ಟೇಜ್‌ಗೆ ಹೊಂದಿಕೊಳ್ಳುವುದಿಲ್ಲ. ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಲೇಬಲ್‌ನಲ್ಲಿ 500 ವ್ಯಾಟ್ ಎಂದಿದ್ದರೆ 1000 ವಿಎ ತೆಗೆದುಕೊಳ್ಳಿ. ಔಟ್‌ಪುಟ್ 120ಕ್ಕಿಂತ 110 ವೋಲ್ಟ್ ಇರುವುದೇ ಒಳ್ಳೆಯದು, ಯಾಕೆಂದರೆ 60 ಹರ್ಟ್ಜ್‌ಗೆ ಮಾಡಿದ ಟ್ರಾನ್ಸ್‌ಫಾರ್ಮರ್ 50 ಹರ್ಟ್ಜ್‌ನಲ್ಲಿ ಹೆಚ್ಚು ಬಿಸಿಯಾಗುತ್ತದೆ, ಸ್ವಲ್ಪ ಕಡಿಮೆ ವೋಲ್ಟೇಜ್ ಅದನ್ನು ಒಂದಿಷ್ಟು ತಗ್ಗಿಸುತ್ತದೆ.

ಮೈಕ್ ಇಟ್ಟು ಹೊಂದಿಸುವುದು

ಡಬ್ಬದಲ್ಲಿ ಬರುವ ಮೈಕ್‌ನಿಂದ ಮಾಡುವ ಆಟೊ ಸೆಟಪ್ (ಹೆಸರು ಆಡಿಸ್ಸಿ, ವೈಪಿಎಒ, ಡಿರಾಕ್ ಯಾವುದೇ ಇರಲಿ) ಸ್ಪೀಕರ್‌ಗಳ ದೂರ ಮತ್ತು ಮಟ್ಟ ಅಳೆಯುತ್ತದೆ. ಮೈಕ್ ಅನ್ನು ಸೋಫಾದ ಬೆನ್ನಿಗೆ ಒರಗಿಸಬೇಡಿ, ಸ್ಟ್ಯಾಂಡ್‌ನಲ್ಲಿ ಕಿವಿಯ ಎತ್ತರಕ್ಕೆ ನಿಲ್ಲಿಸಿ. ಫ್ಯಾನ್, ಎಸಿ ಆಫ್. ಮೊದಲ ಅಳತೆ ನೀವು ಕೂರುವ ಜಾಗದಲ್ಲೇ ಆಗಲಿ, ಉಳಿದವು ಅದರ ಸುತ್ತ ಎರಡು ಅಡಿಯೊಳಗೆ. ಮುಗಿದ ಮೇಲೆ ಫಲಿತಾಂಶ ನೋಡಿ. ಸಬ್‌ನ ದೂರ ಟೇಪ್‌ನಲ್ಲಿ ಅಳೆದದ್ದಕ್ಕಿಂತ ಹೆಚ್ಚು ತೋರಿಸಿದರೆ ತಿದ್ದಬೇಡಿ. ಸಬ್‌ನೊಳಗಿನ ಸರ್ಕ್ಯೂಟ್ ಮಾಡುವ ತಡವನ್ನೂ ಸೇರಿಸಿಕೊಂಡ ಲೆಕ್ಕ ಅದು. ಸಬ್‌ನ ಮಟ್ಟ ಮೈನಸ್ 12ರಲ್ಲಿ ನಿಂತಿದ್ದರೆ ರಿಸೀವರ್ ಇನ್ನೂ ತಗ್ಗಿಸಲಾಗದೆ ಕೈಚೆಲ್ಲಿದೆ. ಸಬ್‌ನ ಗುಬುಟು ಇಳಿಸಿ ಮತ್ತೆ ಅಳೆಯಿರಿ. ಮುಂದಿನ ಸ್ಪೀಕರ್‌ಗಳನ್ನು 'ಲಾರ್ಜ್' ಎಂದು ಹಾಕಿದ್ದರೆ 'ಸ್ಮಾಲ್' ಮಾಡಿ, ಕ್ರಾಸ್‌ಓವರ್ 80 ಹರ್ಟ್ಜ್. ಪುಟ್ಟ ಸ್ಯಾಟಲೈಟ್ ಸ್ಪೀಕರ್‌ಗೆ 120 ಅಥವಾ 150.

ಮಾತು ಕೇಳುವುದಿಲ್ಲ, ಹೊಡೆದಾಟ ಬಂದರೆ ಕಿವಿ ಒಡೆಯುತ್ತದೆ ಎಂದರೆ ಸೆಂಟರ್ ಮಟ್ಟವನ್ನು 2 ಅಥವಾ 3 ಡೆಸಿಬೆಲ್ ಏರಿಸಿ, ಟಿವಿಯ ಕೆಳಗಿರುವ ಸೆಂಟರ್ ಸ್ಪೀಕರ್‌ನ ಮೂತಿಯನ್ನು ಕಿವಿಯ ಕಡೆಗೆ ಎತ್ತಿ, ಹಲಗೆಯ ಅಂಚಿಗೆ ಎಳೆದು ಇಡಿ. ವಿಟ್ರಿಫೈಡ್ ಟೈಲ್ಸ್ ಮತ್ತು ಬರಿಗೋಡೆಯ ಹಾಲ್‌ನಲ್ಲಿ ಯಾವ ಆಟೊ ಸೆಟಪ್ಪೂ ಪ್ರತಿಧ್ವನಿ ನಿಲ್ಲಿಸದು. ಟಿವಿಗೂ ಸೋಫಾಕ್ಕೂ ನಡುವೆ ದಪ್ಪ ಜಮಖಾನ, ಕಿಟಕಿಗೆ ಭಾರದ ಪರದೆ ಹಾಕಿದ ಮೇಲೆ ಅದೇ ಸ್ಪೀಕರ್‌ನಲ್ಲಿ ಮಾತು ಬಿಡಿಬಿಡಿಯಾಗಿ ಕೇಳುತ್ತದೆ.

ಇಷ್ಟೆಲ್ಲ ಆದರೂ ವಿಚಿತ್ರ ವರ್ತನೆ ನಿಲ್ಲದಿದ್ದರೆ ಫ್ಯಾಕ್ಟರಿ ರೀಸೆಟ್. ಗುಂಡಿಗಳ ಜೋಡಿ ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ, ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಅದಕ್ಕೆ ಮೊದಲು ಸ್ಪೀಕರ್ ದೂರ, ಮಟ್ಟ, ಕ್ರಾಸ್‌ಓವರ್, ಇನ್‌ಪುಟ್ ಪುಟಗಳ ಫೋಟೊ ಮೊಬೈಲ್‌ನಲ್ಲಿ ತೆಗೆದುಕೊಳ್ಳಿ. ರೀಸೆಟ್ ಆದಾಗ ಮೈಕ್ ಅಳತೆಯೂ ಅಳಿಸಿಹೋಗುತ್ತದೆ, ಅದನ್ನು ಮತ್ತೆ ಮಾಡಲೇಬೇಕು. ಎಆರ್‌ಸಿ ಕೂಡ ಆಫ್‌ಗೆ ಮರಳಿರಬಹುದು.